ಸ್ಟೆಪ್ನಿ ಬಿಟ್ಟು ಬರ್ರಿ

ಸ್ಟೆಪ್ನಿ ಇಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸುವವನಿಗೆ ನನ್ನ ಮನೆಯ ಹೆಣ್ಣು ಕೊಡುವುದಿಲ್ಲ ಎಂದು ನಾನು ರಾಯಚೂರು ಸ್ಟೇಷನ್ ಮುಂದಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೆ. ನನಗಿದ್ದವರೆಲ್ಲ ಗಂಡುಮಕ್ಕಳು, ಅದು ಬೇರೆ ಮಾತು. ನಮ್ಮ ಕಡೆಯ ರಸ್ತೆಗಳನ್ನು ಬಲ್ಲವರು ನನ್ನನ್ನು ತಪ್ಪು ತಿಳಿಯುವುದಿಲ್ಲ. ಮಾನ್ವಿ ರಸ್ತೆಯ ತುಂಬ ಎತ್ತಿನ ಲಾಳದಿಂದ ಉದುರಿದ ಮೊಳೆ, ಸಿರವಾರದ ಕಡೆ ಜಾಲಿಮುಳ್ಳು, ದೇವದುರ್ಗದ ಕಡೆ ಹೋದರೆ ಕೊಡಲಿ ಬಾಯಿಯಂಥ ಕಲ್ಲು. ನಾಲ್ಕು ಗಾಲಿ ಕಂಪನಿಯವನು ಕೊಡುತ್ತಾನೆ, ಐದನೆಯದನ್ನು ತಲೆಯಲ್ಲಿ ಬುದ್ಧಿ ಇದ್ದವನು ಇಟ್ಟುಕೊಳ್ಳುತ್ತಾನೆ.

ಜಿಲಾನಿ ಪಾಷಾ ಇದನ್ನು ಒಪ್ಪುತ್ತಿರಲಿಲ್ಲ. ಅವನೂ ನಮ್ಮ ಸ್ಟ್ಯಾಂಡಿನ ಡ್ರೈವರ್, ಗಾಡಿ ಹಳೆಯದು, ಬಾಯಿ ದೊಡ್ಡದು. ಸ್ಟೆಪ್ನಿ ಎಂದರೆ ದುಡಿಯದೆ ತಿನ್ನುವ ಅಳಿಯ, ಅರ್ಧ ಡಿಕ್ಕಿಯನ್ನು ಅದೇ ನುಂಗುತ್ತದೆ, ಆ ಜಾಗದಲ್ಲಿ ಒಂದು ಚೀಲ ಮೆಣಸಿನಕಾಯಿ ಹಾಕಬಹುದು ಎಂದು ಅವನ ವಾದ. ಪಂಕ್ಚರ್ ಆದರೆ ಅಲ್ಲಾ ಇದ್ದಾನೆ ಎನ್ನುತ್ತಿದ್ದ. ಅಲ್ಲಾನ ಮೇಲೆ ಭಾರ ಹಾಕುವ ಮೊದಲು ಒಂಟೆಯನ್ನು ಕಟ್ಟಿಹಾಕು ಎಂದು ನಾನು ಬೈಯುತ್ತಿದ್ದೆ. ಒಮ್ಮೆ ಯರಗೇರಾ ಹತ್ತಿರ ಅವನ ಗಾಲಿ ಹೋಯಿತು. ಪ್ಯಾಸೆಂಜರುಗಳ ಬೈಗುಳ ಕೇಳುತ್ತ ಬಿಸಿಲಲ್ಲಿ ಕೂತು ಬಂದ. ಬುದ್ಧಿಯೇನೂ ಬರಲಿಲ್ಲ.

ನಾನು ಗುಲಾಮ್ ದಸ್ತಗೀರ್. ಸ್ಟ್ಯಾಂಡಿನಲ್ಲಿ ದಸ್ತಗೀರಣ್ಣ ಎನ್ನುತ್ತಾರೆ. ಈ ಕತೆ ನನ್ನದಲ್ಲ, ನನ್ನ ಗೆಳೆಯ ವೆಂಕೋಬನ ಮನೆಯದು. ಅವನದೂ ನನ್ನ ಹಾಗೆ ಒಂದು ಅಂಬಾಸಿಡರ್. ಮಾವಿನಕೆರೆ ಹತ್ತಿರದ ಓಣಿಯಲ್ಲಿ ಮನೆ. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಮೂಗಿನ ತುದಿಯ ಮೇಲೆ. ಮೊದಲ ಹೆಂಡತಿ ಹುಲಿಗೆಮ್ಮ ಜ್ವರ ಬಂದು ತೀರಿಕೊಂಡಾಗ ಅವರ ಮಗಳು ಸೂಗಮ್ಮ ಇನ್ನೂ ಅಂಬೆಗಾಲಿಡುತ್ತಿತ್ತು. ಎಳೆಗೂಸನ್ನು ಕಟ್ಟಿಕೊಂಡು ಟ್ಯಾಕ್ಸಿ ಹೊಡೆಯುವುದು ಹೇಗೆ? ವರ್ಷ ತುಂಬುವ ಮೊದಲೇ ಯಮನಮ್ಮ ಎಂಬ ಸಣ್ಣ ವಯಸ್ಸಿನ ವಿಧವೆಯನ್ನು ಉಡಿಕಿ ಮಾಡಿಕೊಂಡ.

ಉಡಿಕಿ ಎಂದರೆ ಗಂಡ ಸತ್ತವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ಅವರ ಮಂದಿಯಲ್ಲಿ ಅದು ತಪ್ಪಲ್ಲ. ತಾಳಿ ಇರುತ್ತದೆ, ಸಂಸಾರ ಇರುತ್ತದೆ, ಓಣಿಯವರೆಲ್ಲ ಹೆಂಡತಿ ಎಂದೇ ಕರೆಯುತ್ತಾರೆ. ಆದರೆ ಯಾರದಾದರೂ ಮದುವೆ ಬಂತೆಂದರೆ ಉಡಿಕಿಯವಳು ಹಿಂದೆ ಸರಿದು ನಿಲ್ಲಬೇಕು. ಅರಿಶಿನ ಹಚ್ಚುವಂತಿಲ್ಲ, ಸುರಿಗಿಯಲ್ಲಿ ಕೂರುವಂತಿಲ್ಲ. ಮದುವೆಯ ಬೆಳಿಗ್ಗೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ತಾಯಿಯ ಜೊತೆ ಕೂರಿಸಿ ನೀರು ಹಾಕುತ್ತಾರಲ್ಲ, ಅದೇ ಸುರಿಗಿ. ಹೆಣ್ಣು ಹೆತ್ತವಳಿಗೆ ಅದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲವಂತೆ.

ಯಮನಮ್ಮನಿಗೆ ಸ್ವಂತ ಮಕ್ಕಳಾಗಲಿಲ್ಲ. ಆದರೆ ಸೂಗಮ್ಮನನ್ನು ಅವಳು ಸಾಕಿದ ರೀತಿ ನೋಡಿದವರು ಅದನ್ನು ಮರೆತೇಬಿಡುತ್ತಿದ್ದರು. ಆ ಹುಡುಗಿಗೂ ಯಮನಮ್ಮನೇ ಅವ್ವ. ಬೇರೆ ಅವ್ವ ಒಬ್ಬಳು ಇದ್ದಳೆಂದು ಅದಕ್ಕೆ ತಿಳಿದದ್ದೇ ದೊಡ್ಡವಳಾದ ಮೇಲೆ.

ಮಧ್ಯಾಹ್ನ ಯಮನಮ್ಮ ಗಂಡನಿಗೆ ಬುತ್ತಿ ತರುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಲೆ. ನನಗೂ ಒಂದು ರೊಟ್ಟಿ ಹೆಚ್ಚಿಗೆ ಇರುತ್ತಿತ್ತು. ಒಂದು ದಿನ ಅವಳು ಬರುವುದನ್ನು ದೂರದಿಂದ ಕಂಡ ಜಿಲಾನಿ, ವೆಂಕೋಬ, ನಿನ್ನ ಸ್ಟೆಪ್ನಿ ಬಂತು ನೋಡು ಎಂದುಬಿಟ್ಟ. ಮೊದಲ ಗಾಲಿ ಒಡೆಯಿತು, ಈಗ ಸ್ಟೆಪ್ನಿಯ ಮೇಲೆ ಗಾಡಿ ಓಡುತ್ತಿದೆ ಎಂಬ ಅರ್ಥ. ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ವೆಂಕೋಬ ಜಾಕಿನ ರಾಡು ಎತ್ತಿಕೊಂಡು ಹೋದ. ನಾನು ಹಿಡಿಯದಿದ್ದರೆ ಅಂದು ಒಂದು ತಲೆ ಹೋಗುತ್ತಿತ್ತು.

ಯಮನಮ್ಮ ಆಮೇಲೆ ನನ್ನ ಹತ್ತಿರ ಬಂದು ಆ ಮಾತಿನ ಅರ್ಥ ಕೇಳಿದಳು. ನಾನು ಡಿಕ್ಕಿ ತೆಗೆದು ಗಾಲಿ ತೋರಿಸಿದೆ. ದಾರಿಯಲ್ಲಿ ಎಲ್ಲರೂ ಕೈಬಿಟ್ಟಾಗ ಕೈಬಿಡದ್ದು ಇದೊಂದೇ, ತಂಗಿ, ಇದು ಬೈಗುಳವಲ್ಲ ಎಂದೆ. ನಾನು ಹಾಗೆಯೇ ನಂಬಿದ್ದೆ. ಅವಳು ಆ ಗಾಲಿಯನ್ನು ನೋಡಿದಳು.

“ಬೇಕಾದಾಗ ಹೊರಗ, ಬ್ಯಾಡಾದಾಗ ಕತ್ತಲಾಗ,” ಎಂದಳು. “ಬರೋಬ್ಬರಿ ಹೆಸರಿಟ್ಟಾರ ಬಿಡಣ್ಣ.”

ನಕ್ಕೇ ಹೇಳಿದಳು. ಆದರೆ ಬುತ್ತಿ ತರುವುದು ನಿಂತಿತು. ಹೆಸರು ಮಾತ್ರ ನಿಲ್ಲಲಿಲ್ಲ. ಸ್ಟ್ಯಾಂಡಿನಿಂದ ಹೋಟೆಲಿಗೆ, ಹೋಟೆಲಿನಿಂದ ಓಣಿಗೆ ಹೋಯಿತು. ವೆಂಕೋಬನ ಕಿವಿಗೆ ಬೀಳದಂತೆ ಅಂದುಕೊಳ್ಳುತ್ತಿದ್ದರು, ಅಷ್ಟೇ.

ಸತ್ತ ಹುಲಿಗೆಮ್ಮನ ತವರು ಮಾನ್ವಿ. ಅಲ್ಲಿ ಅವಳ ತಾಯಿ ದುರುಗಮ್ಮ, ತಮ್ಮ ಹಂಪಯ್ಯ. ಮಗಳ ವರ್ಷದ ಎಡೆ ಇಡುವ ಮೊದಲೇ ಅಳಿಯ ಇನ್ನೊಬ್ಬಳನ್ನು ತಂದ ಎಂದು ಮುದುಕಿ ಸಿಡಿದು, ಹೋಗುಬರುವುದನ್ನು ನಿಲ್ಲಿಸಿದ್ದಳು. ಮೊಮ್ಮಗಳನ್ನು ಮಾತ್ರ ಹಂಪಯ್ಯ ಹಬ್ಬಕ್ಕೆ ಬಂದು ಕರೆದುಕೊಂಡು ಹೋಗಿ ಬಿಟ್ಟುಹೋಗುತ್ತಿದ್ದ. ಯಮನಮ್ಮನ ಮುಖವನ್ನು ಆ ಮನೆಯ ಹೆಂಗಸರು ನೋಡಿದ್ದೇ ಇಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಸೂಗಮ್ಮನಿಗೆ ಮದುವೆ ಗೊತ್ತಾಯಿತು. ಗಂಡು ದೇವದುರ್ಗದವನು, ಸರ್ಕಾರಿ ಆಫೀಸಿನಲ್ಲಿ ಜವಾನ. ಆ ಸಂಬಂಧ ತಂದವನು ಸೋದರಮಾವ ಹಂಪಯ್ಯನೇ. ಮದುವೆ ಗಂಡಿನ ಮನೆಯ ಮುಂದೆ, ಭಾನುವಾರ. ಶನಿವಾರ ನಾವು ರಾಯಚೂರಿನಿಂದ ಹುಡುಗಿಯನ್ನು ಕರೆದುಕೊಂಡು ಮಾನ್ವಿಗೆ ಹೋಗಬೇಕು, ಅಲ್ಲಿ ಸೋದರಮಾವನ ಮನೆಯಲ್ಲಿ ಉಂಡು, ಅವನು ಕೊಡುವ ಭಾಂಡೆ ಸಾಮಾನುಗಳನ್ನು ಗಾಡಿಗೆ ಹಾಕಿಕೊಂಡು ಎಲ್ಲರೂ ಸಿರವಾರದ ಮೇಲೆ ದೇವದುರ್ಗಕ್ಕೆ. ಹೆಣ್ಣಿನ ತಂದೆ ತಾನೇ ಸ್ಟೇರಿಂಗ್ ಹಿಡಿದರೆ ಚೆಂದವಲ್ಲ ಎಂದು ವೆಂಕೋಬನ ಗಾಡಿಯನ್ನು ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು.

ಆ ದಿನಗಳಲ್ಲಿ ಯಮನಮ್ಮನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಗಂಡನಿಗೆ ಹೇಳಲಿಲ್ಲ, ನನ್ನ ಹತ್ತಿರ ಕೇಳಿದಳು. ಉಡಿಕಿಯವಳು ಸುರಿಗಿಯಲ್ಲಿ ಕೂತರೆ ನಿಜವಾಗಿಯೂ ಹುಡುಗಿಗೆ ಕೆಡುಕಾಗುತ್ತದೆಯೇ, ನಿಮ್ಮ ಮಂದಿಯಲ್ಲಿ ಹೇಗೆ ಎಂದಳು. ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದೆ. ನಿಮ್ಮವರಲ್ಲೇ ಹುಟ್ಟಬೇಕಿತ್ತು ಹಂಗಾದರೆ ಎಂದು ತಮಾಷೆ ಮಾಡಿದಳು. ಆಮೇಲೆ ಹೇಳಿದಳು.

“ಒಳಗ ಕುಂಡ್ರಿಸದಿದ್ರೂ ನಡೀತದಣ್ಣ. ನೂಲಿನ ಹೊರಗ ನಿಂತು ನನ್ನ ಕೂಸಿನ ಮ್ಯಾಲ ನೀರು ಬೀಳೋದು ನೋಡಿದ್ರ ಸಾಕು.”

ಶುಕ್ರವಾರ ಸಂಜೆ ಮಾನ್ವಿ ಬಸ್ಸಿನ ಕಂಡಕ್ಟರ್ ಕನಕರಾಯ ವೆಂಕೋಬನ ಮನೆಗೆ ಬಂದ. ನಮ್ಮ ಕಡೆ ಆಗ ಸುದ್ದಿ ಓಡಾಡುತ್ತಿದ್ದದ್ದು ಕಂಡಕ್ಟರುಗಳ ಬಾಯಲ್ಲೇ. ವೆಂಕೋಬ ಮನೆಯಲ್ಲಿರಲಿಲ್ಲ. ಯಮನಮ್ಮ ಹೊಸ್ತಿಲಿಗೆ ಸುಣ್ಣ ಬಳಿಯುತ್ತಿದ್ದಳು. ಅವಳಿಗೆ ಅವನು ಏನು ಹೇಳಿದ ಎಂಬುದನ್ನು ಆಮೇಲೆ ನಾನು ಕನಕರಾಯನ ಬಾಯಿಂದಲೇ ಕೇಳಿ ತಿಳಿದುಕೊಂಡೆ. ಅವನು ಒಂದಕ್ಷರ ಹೆಚ್ಚು ಕಡಿಮೆ ಮಾಡಿರಲಿಲ್ಲ, ಪಾಪ.

“ಹಂಪಯ್ಯ ಹೇಳ್ಯಾನ್ರೀ ಯಕ್ಕಾ. ನಾಳಿ ಬರುವಾಗ ಸ್ಟೆಪ್ನಿ ಬಿಟ್ಟು ಬರ್ರಿ ಅಂದಾನ. ಅದರ ಜಾಗ ಬೇಕಾಗ್ಯಾದಂತ. ಮರೀಬಾರದಂತ.”

ಹಾಗೇ ಅಂದನೇ ಎಂದು ಯಮನಮ್ಮ ಕೇಳಿದಳಂತೆ. ಎರಡು ಸಲ ಅಂದಿದ್ದಾನೆ ಎಂದು ಇವನು ಒತ್ತಿ ಹೇಳಿದ. ಅವಳು ಒಳಗೆ ಹೋಗಿ ನೀರು ತಂದುಕೊಟ್ಟಳು. ಕುಡಿದು ತನ್ನ ಬಸ್ಸಿಗೆ ಹೋದ. ಮಾನ್ವಿಯವನು ಅವನು, ನಮ್ಮ ಸ್ಟ್ಯಾಂಡಿನ ಮಾತು ಅವನಿಗೇನು ಗೊತ್ತು? ಅವನಿಗೆ ಸ್ಟೆಪ್ನಿ ಎಂದರೆ ಗಾಲಿ.

ಯಮನಮ್ಮನಿಗೆ ಅದು ತನ್ನ ಹೆಸರು, ಓಣಿಯಿಂದ ಮಾನ್ವಿಗೂ ಮುಟ್ಟಿರಬೇಕು. ಅಕಿ ಎನ್ನುವುದನ್ನೂ ಬಿಟ್ಟು ಅದು ಎಂದು ಹೇಳಿ ಕಳಿಸಿದ್ದಾರೆ ಎಂದುಕೊಂಡಳು. ಸತ್ತವಳ ಜಾಗದಲ್ಲಿ ಅವರ ಮನೆಯವಳೊಬ್ಬಳು ಕೂರಬೇಕಾಗಿದೆ, ಇದು ಅಡ್ಡ ಬರಬಾರದು ಎಂದುಕೊಂಡಳು. ಮಾನ್ವಿಯವರು ಅಷ್ಟು ವರ್ಷ ಇಟ್ಟುಕೊಂಡು ಬಂದ ಸಿಟ್ಟಿಗೆ ಆ ಮಾತು ಸರಿಯಾಗಿ ಹೊಂದಿಕೊಂಡಿತು. ಗಂಡನಿಗೆ ಹೇಳಿದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಜಾಕಿನ ರಾಡು ಹಿಡಿದವನು ಮಾನ್ವಿಗೆ ಮದುವೆಗಲ್ಲ, ಜಗಳಕ್ಕೆ ಹೋಗುತ್ತಾನೆ. ಸಂಬಂಧ ತಂದವನೇ ಹಂಪಯ್ಯ, ಮದುವೆ ಅಲ್ಲಿಗೇ ಮುರಿಯುತ್ತದೆ. ಆ ಸಂಜೆಯಿಂದ ಬೆಳಗಾಗುವ ತನಕ ಅವಳು ಯಾರಿಗೂ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ನಾನು ಗಾಡಿ ತೊಳೆದು, ಬಾನೆಟ್ಟಿಗೆ ಚೆಂಡುಹೂವಿನ ಸರ ಕಟ್ಟಿಕೊಂಡು ಮನೆ ಮುಂದೆ ನಿಲ್ಲಿಸಿದಾಗ, ಸೂಗಮ್ಮನ ಜಡೆಯನ್ನು ಎದುರು ಮನೆಯ ಹೆಂಗಸು ಹಾಕುತ್ತಿದ್ದಳು. ಹುಡುಗಿ ಬಿಕ್ಕುತ್ತಿತ್ತು. ವೆಂಕೋಬನ ಮುಖ ಗಂಟಿಕ್ಕಿತ್ತು. ಏನಾಯಿತು ಎಂದರೆ, ಯಮನಮ್ಮ ಹೊರಗಾಗಿದ್ದಾಳೆ ಎಂದ.

ಹೊರಗಾದಳು ಎಂದ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳುವಂತಿಲ್ಲ. ಗಂಡಸರಂತೂ ಬಾಯಿ ಮುಚ್ಚಲೇಬೇಕು. ಮುಟ್ಟಾದವಳು ಮೂರು ದಿನ ಒಳಗೆ ಬರುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ, ನಾಲ್ಕನೆಯ ದಿನ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಮದುವೆಯ ಮಾತಂತೂ ದೂರ. ಅವಳು ಮನೆಯ ಪಕ್ಕದ ಗೋಡೆಗೆ ಆತುಕೊಂಡು ನಿಂತಿದ್ದಳು. ನಾನು ಕಂಡು, ಇವತ್ತೇ ಆಗಬೇಕಿತ್ತೇ ತಾಯಿ ಎಂದು ಮನಸ್ಸಿನಲ್ಲೇ ಮರುಗಿದೆ. ಹೋಗಿಬರ್ರಿ, ಗಾಡಿ ಸಾವಕಾಶ ಹೊಡೀರಿ ಎಂದಷ್ಟೇ ಅಂದಳು.

ಕಲ್ಲೂರು ದಾಟುವ ತನಕ ಸೂಗಮ್ಮ ಅಳುತ್ತಲೇ ಇದ್ದಳು. ಆಮೇಲೆ ಸುಸ್ತಾಗಿ ಸುಮ್ಮನಾದಳು. ವೆಂಕೋಬ ನನ್ನ ಪಕ್ಕದಲ್ಲಿ ಕೂತು ಬೀಡಿಯ ಮೇಲೆ ಬೀಡಿ ಸೇದಿದ.

ಮಾನ್ವಿಯಲ್ಲಿ ಹಂಪಯ್ಯನ ಮನೆ ಮುಂದೆ ಚಪ್ಪರ ಹಾಕಿತ್ತು. ದೇವದುರ್ಗದ ಬೀಗರ ಕಡೆಯಿಂದ ಮದುಮಗಳನ್ನು ಕರೆಯಲು ಇಬ್ಬರು ಹೆಂಗಸರು ಬಸ್ಸಿನಲ್ಲಿ ಬಂದು ಚಪ್ಪರದಲ್ಲಿ ಕೂತಿದ್ದರು. ಮುದುಕಿ ದುರುಗಮ್ಮ ಬಾಗಿಲಲ್ಲೇ ಇದ್ದಳು. ಗಾಡಿ ನಿಂತ ಕೂಡಲೇ ಮೊಮ್ಮಗಳನ್ನು ತಬ್ಬಿಕೊಂಡಳು, ಆಮೇಲೆ ಬಗ್ಗಿ ಗಾಡಿಯ ಒಳಗೆಲ್ಲ ನೋಡಿದಳು. ಯಾರನ್ನು ಹುಡುಕುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಅವ್ವ ಹೊರಗಾಗ್ಯಾಳ ಎಂದು ಸೂಗಮ್ಮ ಹೇಳಿದ್ದೇ ಅಲ್ಲಿದ್ದ ಹೆಂಗಸರೆಲ್ಲ ಅಯ್ಯೋ ಎಂದರು. ಬೀಗರ ಕಡೆಯವರೂ ಅಂದರು. ಮುದುಕಿ ಹಾಗೆಯೇ ಕಟ್ಟೆಯ ಮೇಲೆ ಕುಸಿದು ಕೂತಳು.

ಈ ಕಡೆ ಹಂಪಯ್ಯ ಹಂಡೆ, ಕೊಡ, ಪರಾತ ಎಲ್ಲ ಹೊತ್ತು ತಂದು ಡಿಕ್ಕಿ ತೆಗೆದ. ತೆಗೆದವನು ಹಣೆ ಚಚ್ಚಿಕೊಂಡು ವೆಂಕೋಬನ ಕಡೆ ತಿರುಗಿದ.

“ಏನ್ ಮಾಮಾ, ಸ್ಟೆಪ್ನಿ ಬಿಟ್ಟು ಬರ್ರಿ ಅಂತ ಹೇಳಿ ಕಳಿಸಿದ್ದೆನಲ್ಲ. ಇಷ್ಟು ಭಾಂಡಿ ಎಲ್ಲಿ ಹಾಕೋದು?”

ನನಗೆ ಯಾರೂ ಹೇಳಿಲ್ಲ, ಹೇಳಿದ್ದರೂ ನಾನು ಬಿಟ್ಟು ಬರುತ್ತಿರಲಿಲ್ಲ ಎಂದು ನಾನು ಗುರ್ ಎಂದೆ. ನನ್ನ ಕಸುಬಿನ ಮಾತು ಬಂದರೆ ನನಗೆ ಬೇರೇನೂ ಕಾಣುವುದಿಲ್ಲ. ಯಾರ ಕೈಯಲ್ಲಿ ಹೇಳಿ ಕಳಿಸಿದ್ದೆ ಎಂದು ವೆಂಕೋಬ ಕೇಳಿದ. ಕನಕರಾಯನ ಕೈಯಲ್ಲಿ ಎಂದ ಹಂಪಯ್ಯ, ಮನೆಯಲ್ಲಿದ್ದ ಅಕ್ಕನಿಗೆ ಹೇಳಿದ್ದಾಗಿ ಅವನು ನಿನ್ನೆಯೇ ಬಂದು ತಿಳಿಸಿದ ಎಂದ. ಅಕ್ಕ ಎಂದಿದ್ದು ಯಮನಮ್ಮನಿಗೆ. ಹಂಪಯ್ಯ ಅವಳನ್ನು ಹಾಗೆ ಕರೆದದ್ದನ್ನು ನಾನು ಮೊದಲ ಸಲ ಕೇಳಿದೆ.

ವೆಂಕೋಬ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಸ್ಟೆಪ್ನಿ ಬಿಟ್ಟು ಬರ್ರಿ. ವೆಂಕೋಬ ನನ್ನನ್ನು ಗಾಡಿಯ ಆ ಕಡೆಗೆ ಎಳೆದುಕೊಂಡು ಹೋಗಿ, ಮೊನ್ನೆಯಷ್ಟೇ ಅವಳು ತಲೆಯ ಮೇಲೆ ನೀರು ಹಾಕಿಕೊಂಡಿದ್ದಾಳೆ ದಸ್ತಗೀರಾ ಎಂದು ಸಣ್ಣ ದನಿಯಲ್ಲಿ ಹೇಳಿದ. ಬೆಳಿಗ್ಗೆಯೇ ಅವನಿಗೆ ಅನುಮಾನ ಬಂದಿತ್ತು. ಹೆಂಗಸರ ಸಂಗತಿ, ಏನು ಕೇಳುವುದು ಎಂದು ಸುಮ್ಮನಿದ್ದ.

ಹಂಪಯ್ಯನಿಗೆ ಆ ಹೆಸರಿನ ಕತೆಯನ್ನು ನಾನೇ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಲಿಲ್ಲ, ಹಂಡೆಯನ್ನು ಅಲ್ಲೇ ಬಿಟ್ಟು ತಾಯಿಯ ಹತ್ತಿರ ಓಡಿದ. ಆಗ ಮುದುಕಿ ಒಳಗೆ ಹೋಗಿ ಟ್ರಂಕಿನಿಂದ ಒಂದು ಹಸಿರು ಇಳಕಲ್ ಸೀರೆ ತಂದು ನಮ್ಮ ಮುಂದೆ ಇಟ್ಟಳು. ಯಮನಮ್ಮನಿಗೆ ಉಡಿ ತುಂಬಲು ತಂದದ್ದು. ಅವಳು ಬೆಳೆಸಿದ ಮೊಮ್ಮಗಳನ್ನು ಹಬ್ಬಹಬ್ಬಕ್ಕೂ ಕಂಡು ಮುದುಕಿಯ ಹಳೆಯ ಸಿಟ್ಟು ಇಳಿದಿತ್ತಂತೆ. ಬೀಗರ ಹಿರಿಯರ ಜೊತೆ ಮುದುಕಿ ಹಟ ಹಿಡಿದು ಜಗಳ ಮಾಡಿ ಒಪ್ಪಿಸಿದ್ದಳಂತೆ, ಉಡಿಕಿಯಾದರೂ ಸರಿ, ಸುರಿಗಿಯಲ್ಲಿ ಯಮನಮ್ಮನೇ ಕೂರಬೇಕು ಎಂದು. ಮೊದಲೇ ಹೇಳಿ ಕಳಿಸುವ ಮಾತಲ್ಲ, ಎದುರು ಕೂರಿಸಿಕೊಂಡು ನಾನೇ ಹೇಳುತ್ತೇನೆ ಎಂದು ಕಾದಿದ್ದಳು.

“ನನ್ನ ಮಗಳ ಜಾಗದಾಗ ಅಕಿನ ಕುಂಡ್ರಬೇಕು,” ಎಂದಳು ನನಗೆ. “ಅಕಿಗೆ ಹಂಗಂತ ಹೇಳಿ ಕರಕೊಂಡು ಬಾರಪ್ಪ.”

ಹೊತ್ತೇನೂ ಮೀರಿರಲಿಲ್ಲ. ಸುರಿಗಿ ಇರುವುದು ಮರುದಿನ ಬೆಳಿಗ್ಗೆ. ಗಾಡಿ ಇದೆ, ರಸ್ತೆ ಇದೆ, ಡಿಕ್ಕಿಯಲ್ಲಿ ಸ್ಟೆಪ್ನಿಯೂ ಇದೆ. ಸೂಗಮ್ಮ ಕಣ್ಣೊರೆಸಿಕೊಂಡು, ನಾವೆಲ್ಲ ಬಸ್ಸಿಗೆ ಹೋಗುತ್ತೇವೆ, ಕಾಕಾ, ನೀನು ಹೋಗಿ ಅವ್ವನನ್ನು ತಾ ಎಂದಳು. ಮದುಮಗಳು ಬಸ್ಸಿನಲ್ಲಿ ಹೋಗುವುದೇ ಎಂದು ಬೀಗರ ಹೆಂಗಸರು ಮುಖ ಸಿಂಡರಿಸಿದರು. ಹೊರಗಾದವಳನ್ನು ಮದುವೆಗೆ ಯಾಕೆ ತರುತ್ತೀರಿ ಎಂದು ಅವರಲ್ಲಿ ಹಿರಿಯಳು, ಗಂಡಿನ ಚಿಗವ್ವ, ಕೇಳಿಯೇಬಿಟ್ಟಳು. ಹುಡುಗಿ ಏನೋ ತಪ್ಪಿ ಹೇಳಿದ್ದಾಳೆ ಎಂದು ಮುದುಕಿ ಮಾತು ಹಾರಿಸಿದಳು. ಆ ಹೆಂಗಸು ಇನ್ನೊಬ್ಬಳ ಕಡೆ ನೋಡಿದ ನೋಟ ನನಗೆ ಹಿಡಿಸಲಿಲ್ಲ. ನಿಂತು ಜಗಳವಾಡುವ ಹೊತ್ತು ಅದಲ್ಲ ಎಂದು ಗಾಡಿ ತಿರುಗಿಸಿದೆ.

ನಾನು ಅಷ್ಟು ಜೋರಾಗಿ ಎಂದೂ ಗಾಡಿ ಹೊಡೆದಿಲ್ಲ. ದಾರಿಯುದ್ದಕ್ಕೂ ನಗು ಬರುತ್ತಿತ್ತು. ಯಮನಮ್ಮನಿಗೆ ಹೇಗೆ ಹೇಳಬೇಕು, ಮೊದಲು ಹೇಗೆ ಬೈಯಬೇಕು, ಅವಳು ಹೇಗೆ ಬಾಯಿ ಮೇಲೆ ಸೆರಗು ಇಟ್ಟುಕೊಳ್ಳುತ್ತಾಳೆ ಎಂದೆಲ್ಲ ಅಂದುಕೊಂಡೆ. ಅವಳು ಹಸಿರು ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಂತೆಯೇ ಆಗಿತ್ತು ನನಗೆ. ಮೂರ್ಖ ನಾನು.

ಓಣಿಗೆ ಬಂದಾಗ ನೆತ್ತಿಯ ಬಿಸಿಲು. ಯಮನಮ್ಮ ಮನೆಯ ಹೊರಗೆ, ಗೋಡೆಯ ನೆರಳಿನಲ್ಲಿ, ಗೋಣಿತಾಟಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ಚೆಂಬು, ಒಂದು ತಾಟು. ತಾಟಿನಲ್ಲಿ ಎದುರು ಮನೆಯವಳು ದೂರದಿಂದ ಹಾಕಿಹೋದ ರೊಟ್ಟಿ. ಹೊರಗಾದೆ ಎಂದು ಹೇಳಿದ ಮೇಲೆ ಓಣಿಯ ಕಣ್ಣೆದುರು ಹೊರಗೇ ಕೂರಬೇಕಲ್ಲ! ತಾನೇ ಸುಣ್ಣ ಬಳಿದ ಹೊಸ್ತಿಲನ್ನು ಅವಳು ದಾಟುವಂತಿರಲಿಲ್ಲ. ಮುಟ್ಟೇ ಆಗದ ಮಡಿ ಹೆಂಗಸು. ಅದನ್ನು ಕಂಡು ನನ್ನ ನಗು ಅಲ್ಲೇ ಸತ್ತಿತು.

ಹುಡುಗಿಗೆ ಏನಾಯಿತು ಎಂದು ಎದ್ದು ನಿಂತಳು. ಏನೂ ಆಗಿಲ್ಲ ಎಂದು ಕೂರಿಸಿ, ಎಲ್ಲ ಹೇಳಿದೆ. ಸ್ಟೆಪ್ನಿ ಎಂದರೆ ಗಾಲಿಯೇ, ಭಾಂಡೆ ಇಡಲು ಡಿಕ್ಕಿಯಲ್ಲಿ ಜಾಗ ಬೇಕಾಗಿತ್ತು, ಅಷ್ಟೇ ತಾಯಿ ಎಂದೆ. ಅವಳು ನನ್ನ ಬಾಯಿಯನ್ನೇ ನೋಡಿದಳು. ಒಂದು ಸಲ ನಕ್ಕಳು. ಮುದುಕಿ ಏನಂದಳು ಎಂದು ಕೇಳಿದಳು. ಹೇಳಿದೆ. ಇನ್ನೊಂದು ಸಲ ಹೇಳು ಎಂದಳು. ನನ್ನ ಮಗಳ ಜಾಗದಲ್ಲಿ ಅಕಿಯೇ ಕೂರಬೇಕು ಎಂದು ಇನ್ನೊಂದು ಸಲ ಹೇಳಿದೆ. ಅವಳ ಕಣ್ಣಿನಿಂದ ನೀರು ಸುರಿಯಿತು. ಒರೆಸಿಕೊಳ್ಳಲಿಲ್ಲ.

ಏಳು, ಸೀರೆ ಬದಲಿಸು ಎಂದೆ. ಎದ್ದಳು. ಹೊಸ್ತಿಲ ತನಕ ಹೋದಳು, ಬಾಗಿಲ ಚೌಕಟ್ಟಿಗೆ ಕೈ ಚಾಚಿದಳು. ಎದುರು ಮನೆಯವಳು ತನ್ನ ಬಾಗಿಲಿನಿಂದ ನೋಡುತ್ತಿದ್ದಳು. ಯಮನಮ್ಮ ಕೈ ಹಿಂದೆ ತೆಗೆದುಕೊಂಡು ನನ್ನ ಹತ್ತಿರ ಬಂದು, ಮಾನ್ವಿಯಲ್ಲಿ ಯಾರ್ಯಾರು ಇದ್ದರು ಎಂದು ಕೇಳಿದಳು. ಬೀಗರ ಹೆಂಗಸರು ಬಂದಿದ್ದರೇ? ನಾನು ಹೊರಗಾದದ್ದು ಅವರಿಗೆ ಗೊತ್ತಾಯಿತೇ? ಸುಳ್ಳು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ಗೊತ್ತಾಯಿತು ಎಂದೆ.

ಅವಳು ಗೋಣಿಯ ಮೇಲೆ ಕೂತುಬಿಟ್ಟಳು.

“ಆಗಂಗಿಲ್ಲಣ್ಣ. ನಾಳಿ ಹುಡುಗಿಗೆ ಒಂದು ತಲಿನೋವು ಬಂದ್ರೂ, ಮುಟ್ಟಾದಾಕಿ ಸುರಿಗ್ಯಾಗ ಕುಂತಿದ್ಲು ಅಂತಾರ. ಸುಳ್ಳು ಹೇಳಿದ್ದೆ ಅಂದ್ರ, ಇಂಥಾ ಸುಳ್ಳು ಹೇಳಾಕಿ ಬೆಳಸಿದ ಹುಡುಗಿ ಅಂತಾರ. ಎರಡೂ ಅಕಿ ಮ್ಯಾಲನ ಬೀಳ್ತದ.”

ನಾನು ಬೈದೆ. ನಿನ್ನ ಹಟಕ್ಕೆ ಬೆಂಕಿ ಬೀಳಲಿ ಎಂದೆ. ಆ ಹೆಂಗಸರ ಬಾಯಿಯನ್ನು ಮುದುಕಿ ಮುಚ್ಚಿಸುತ್ತಾಳೆ, ಇಲ್ಲದಿದ್ದರೆ ನಾನು ಮುಚ್ಚಿಸುತ್ತೇನೆ ಎಂದೆ. ಕೈ ಮುಗಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅವಳು ಆಡಿದ ಮಾತು ಅಂಥದ್ದು. ಯಾರೂ ಎದುರಾಡದ ಮಾತನ್ನೇ ಹುಡುಕಿ ಆಡಿದ್ದಳು. ಈಗ ಅವಳಿಗೂ ಅದಕ್ಕೆ ಎದುರಾಡಲು ಬರುತ್ತಿರಲಿಲ್ಲ.

“ಹಟ ಅಲ್ಲಣ್ಣ,” ಎಂದಳು ಕೊನೆಗೆ. “ನನಗ ಹೋಗಬೇಕಂತ ಭಾಳ ಆಸಿ ಅದ. ನಿನಗ ಹೆಂಗ ಹೇಳ್ಲಿ, ಭಾಳ ಆಸಿ ಅದ.”

ಜಿಲಾನಿಗೆ ಏನೂ ಅನ್ನಬೇಡ, ನಮ್ಮ ಮನೆಯವರು ಸಿಟ್ಟು ಮಾಡಿಕೊಳ್ಳದಂತೆ ನೋಡಿಕೋ ಎಂದು ನನಗೇ ಬುದ್ಧಿ ಹೇಳಿ ಕಳಿಸಿದಳು. ನಾನು ಗಬ್ಬೂರಿನ ಮೇಲೆ ಒಬ್ಬನೇ ದೇವದುರ್ಗಕ್ಕೆ ಹೋದೆ. ಆ ಇಡೀ ಓಡಾಟದಲ್ಲಿ ಒಂದು ಮೊಳೆಯೂ ಚುಚ್ಚಲಿಲ್ಲ, ಒಂದು ಮುಳ್ಳೂ ತಾಗಲಿಲ್ಲ. ಯಾವಾಗಲೂ ಹಾಗೆ ಆಗಲಿ ಎಂದು ಬಯಸುವವನು ನಾನು, ಅಂದು ಮಾತ್ರ ಆ ಗಾಡಿಯ ಮೇಲೆ ನನಗೆ ಸಿಟ್ಟು ಬಂತು.

ಹಿಂದಿನ ಸೀಟು ಖಾಲಿ ಇದ್ದದ್ದನ್ನು ಕಂಡು ಚಪ್ಪರದ ಕೆಳಗಿದ್ದ ವೆಂಕೋಬ ಆ ಕಡೆ ತಿರುಗಿ ನಿಂತ. ಅವನಿಗೆ ಸಿಟ್ಟು ಬರಲೇ ಇಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿದರು. ತಾನು ಕೂರುತ್ತೇನೆ ಎಂದು ಹಂಪಯ್ಯನ ಹೆಂಡತಿ ಮುಂದೆ ಬಂದಳು. ಮುದುಕಿ ಬಿಡಲಿಲ್ಲ. ಸೂಗಮ್ಮ ಒಬ್ಬಳೇ ಕೂತಳು, ಪಕ್ಕದ ಮಣೆಯ ಮೇಲೆ ನೀರು ಸುಮ್ಮನೆ ಬಿತ್ತು. ತಾಯಿ ಇಲ್ಲದ ಹುಡುಗಿ ಎಂದು ಬೀಗರ ಕಡೆ ಯಾರೋ ಮರುಗಿದರು.

ಸೋಮವಾರ ಮದುಮಕ್ಕಳನ್ನು ರಾಯಚೂರಿಗೆ ಕರೆತಂದವನೂ ನಾನೇ. ಹೆಣ್ಣಿನ ಮನೆಯಲ್ಲಿ ಉಂಡು ಹೋಗುವುದು ಪದ್ಧತಿ. ಜೊತೆಗೆ ಗಂಡಿನ ಚಿಗವ್ವ ಬಂದಿದ್ದಳು, ಮಾನ್ವಿಯಲ್ಲಿ ಮುಖ ಸಿಂಡರಿಸಿದವಳು. ಮರುದಿನ ಮಂಗಳವಾರ, ಹೊಸ ಮದುಮಗಳು ದಾರಿ ಹಿಡಿಯುವ ದಿನವಲ್ಲ, ಆದ್ದರಿಂದ ಅಂದೇ ಸಂಜೆ ತಿರುಗಿ ಹೋಗಬೇಕು ಎಂದು ಅವಳು ದಾರಿಯಲ್ಲೇ ಹೇಳಿಟ್ಟಿದ್ದಳು. ಸೂಗಮ್ಮ ಮುಂದೆ ಬಾಗಿ ನನ್ನ ಸೀಟಿನ ಬೆನ್ನು ಹಿಡಿದುಕೊಂಡು ಕೂತಿತ್ತು, ಬೇಗ ಹೊಡಿ ಕಾಕಾ, ಬೇಗ ಹೊಡಿ ಎನ್ನುತ್ತಿತ್ತು. ಅಜ್ಜಿ ಅವಳಿಗೆ ಎಲ್ಲ ಹೇಳಿದ್ದಳು.

ಗಾಡಿ ನಿಲ್ಲುವ ಮೊದಲೇ ಬಾಗಿಲು ತೆಗೆದಳು. ಅರಿಶಿನದ ಸೀರೆಯನ್ನು ಮೊಣಕಾಲ ತನಕ ಎತ್ತಿ ಹಿಡಿದುಕೊಂಡು, ಮದುಮಗಳೆಂಬುದನ್ನೂ ಮರೆತು, ಅವ್ವಾ ಎನ್ನುತ್ತ ಗೋಡೆಯ ಕಡೆ ಓಡಿದಳು. ಯಮನಮ್ಮ ಗೋಣಿಯ ಮೇಲಿಂದ ಎದ್ದಳು. ಎರಡೂ ಕೈ ಮುಂದೆ ಬಂದವು, ನಾನು ಕಂಡೆ. ಆಮೇಲೆ ಅವಳ ಕಣ್ಣು ಗಾಡಿಯ ಕಡೆ ಹೋಯಿತು. ಚಿಗವ್ವ ಇಳಿದು ನಿಂತು ನೋಡುತ್ತಿದ್ದಳು. ಅದು ಮೂರನೆಯ ದಿನ.

ಯಮನಮ್ಮ ಗೋಡೆಗೆ ಬೆನ್ನು ಹತ್ತುವ ತನಕ ಹಿಂದೆ ಸರಿದಳು.

“ಮುಟ್ಟಬ್ಯಾಡ ಮಗಳ. ನಾಳಿ ನೀರು ಹಾಕ್ಕೊಂತೀನಿ. ನಾಳಿ ಮುಟ್ಟುವಂತಿ.”

ಹುಡುಗಿ ನಿಂತಲ್ಲೇ ನಿಂತಳು. ಕೈ ಇನ್ನೂ ಚಾಚಿಕೊಂಡೇ ಇತ್ತು. ನನ್ನ ಪಕ್ಕದಲ್ಲಿ ಚಿಗವ್ವ, ಭಾಳ ನೇಮಸ್ಥ ಹೆಣ್ಣುಮಗಳು, ಇಂಥವಳ ಕೈಯಲ್ಲಿ ಬೆಳೆದ ಹುಡುಗಿ ಎಂದರೆ ನಮಗೆ ಚಿಂತೆಯಿಲ್ಲ ಎಂದು ಮನಸ್ಸು ತುಂಬಿ ಹೇಳಿದಳು. ನನಗೆ ಅವಳ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

“ನಾಳಿ ನಾ ಇರಂಗಿಲ್ಲವ್ವ,” ಎಂದಳು ಸೂಗಮ್ಮ.

ಯಮನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ತನ್ನ ಗೋಣಿಯ ಮೇಲೆ ಕೂತಳು. ಎದುರಿಗೆ ದೂರದಲ್ಲಿ ನೆಲ ತೋರಿಸಿದಳು.

“ಹಂಗಾದ್ರ ಅಲ್ಲೇ ಕುಂಡ್ರು,” ಎಂದಳು. “ನಿನ್ನ ಮಾರಿ ನೋಡ್ತೀನಿ.”